ನಾಲ್ಕನೇ ತರಗತಿಗೂ ಕಡ್ಡಿ ಕಟ್ಟು ಬೇಕು: ನಮ್ಮ ಶಾಲೆಯ ಗಣಿತ ಸಾಮಗ್ರಿಗಾಗಿ ದೇಣಿಗೆ ಮನವಿ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ, ಪೋಷಕರಿಗೆ, ಊರಿನ ಹಿರಿಯರಿಗೆ ಸಾದರ ನಮಸ್ಕಾರಗಳು.

ಕಳೆದ ಜುಲೈನಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು 52ರಲ್ಲಿ 27 ಕಳೆದು 35 ಎಂದು ಬರೆದು ತಂದಳು. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದಿದ್ದಳು. ‘ಪಕ್ಕದ ಮನೆಯಿಂದ ಸಾಲ ತಗೋಬೇಕು’ ಎಂದು ನಾನು ಬೋರ್ಡಿನ ಮೇಲೆ ನಾಲ್ಕು ಸಲ ಹೇಳಿಕೊಟ್ಟಿದ್ದ ಲೆಕ್ಕ ಅದು. ಆವತ್ತು ಬೋರ್ಡು ಬಿಟ್ಟು ಅವಳ ಜೊತೆ ನೆಲದ ಮೇಲೆ ಕೂತೆ. ತೆಂಗಿನ ಗರಿಯ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು ಮಾಡಿ, ಪಕ್ಕದಲ್ಲಿ ಎರಡು ಬಿಡಿ ಕಡ್ಡಿ ಇಟ್ಟು, ‘ಇದರಲ್ಲಿ ನಂಗೆ 27 ಕೊಡು’ ಎಂದೆ. ಎರಡು ಕಟ್ಟು ತಕ್ಷಣ ಕೊಟ್ಟಳು. ಏಳು ಬಿಡಿ ಕಡ್ಡಿ ಕೊಡಬೇಕಾದಾಗ ಕೈ ನಿಂತಿತು. ಉಳಿದ ಮೂರು ಕಟ್ಟುಗಳನ್ನು ಸ್ವಲ್ಪ ಹೊತ್ತು ನೋಡಿ, ಒಂದರ ರಬ್ಬರ್ ಬ್ಯಾಂಡ್ ತೆಗೆದಳು. ಕಡ್ಡಿಗಳು ಚೆಲ್ಲಿದವು. ಏಳು ಎಣಿಸಿ ಕೊಟ್ಟು, ಉಳಿದದ್ದನ್ನು ಎಣಿಸಿ, ‘25. ಸಾಲ ಏನೂ ಇಲ್ಲ ಮಿಸ್, ಕಟ್ಟು ಬಿಚ್ಚಿದ್ದು ಅಷ್ಟೇ’ ಅಂದಳು.

ಈ ಮನವಿ ಬರೆಯಲು ಆ ಮಾತೇ ಕಾರಣ.

ನಮ್ಮದು ಅರಸೀಕೆರೆ ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಾಲೆಗಳಲ್ಲಿ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಇದು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಎತ್ತಿಕೊಂಡು, ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ. ನಾಲ್ಕನೇ ತರಗತಿಗೆ ಕಾಲಿಟ್ಟರೆ ಬೆಂಚು, ಪುಸ್ತಕ, ಬೋರ್ಡು. ಕೈಗೆ ಸಿಗುತ್ತಿದ್ದದ್ದೆಲ್ಲ ಒಂದು ಬೇಸಿಗೆ ರಜೆಯಲ್ಲಿ ಮಾಯ. ಭಾಗಾಕಾರ, ಭಿನ್ನರಾಶಿ, ಸುತ್ತಳತೆ ಎಂದು ಪಾಠ ಕಷ್ಟವಾಗುವುದೂ ಆಗಲೇ. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಇಲಾಖೆಯಿಂದ ಬಂದ ಗಣಿತ ಕಿಟ್ ಇದೆ, ಚೆನ್ನಾಗಿಯೂ ಇದೆ. ಆದರೆ ನಾಲ್ಕು, ಐದನೇ ತರಗತಿ ಸೇರಿ 38 ಮಕ್ಕಳು, ಕಿಟ್ ಒಂದೇ. ಮುಂದೆ ಕೂತ ಐದು ಮಕ್ಕಳು ಮುಟ್ಟುತ್ತಾರೆ, ಉಳಿದವರು ಕತ್ತು ಚಾಚಿ ನೋಡುತ್ತಾರೆ.

ಅಂಗಡಿಯಿಂದ ಕಾಲು ಕೆಜಿ ಬೆಲ್ಲ ತರುವ ಮಗುವಿಗೆ ಕಾಲು ಎಂದರೇನು ಎಂದು ಗೊತ್ತು. ಅದನ್ನೇ ಪುಸ್ತಕದಲ್ಲಿ 1/4 ಎಂದು ಬರೆದರೆ 1/3ಕ್ಕಿಂತ ದೊಡ್ಡದು ಅನ್ನುತ್ತದೆ. ನಾಲ್ಕು ಮೂರಕ್ಕಿಂತ ದೊಡ್ಡದಲ್ಲವೇ! ಒಂದೇ ಉದ್ದದ ಎರಡು ಪಟ್ಟಿ ತೆಗೆದುಕೊಂಡು, ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಭಾಗ ಮಾಡಿ, ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ಆ ಮಗುವೇ ತಿದ್ದಿಕೊಳ್ಳುತ್ತದೆ.

ನಮ್ಮ ಮನೆಗಳ ಆಟಗಳನ್ನೂ ತರಗತಿಗೆ ತರಬೇಕೆಂದಿದ್ದೇವೆ. ಅಳಗುಳಿಮಣೆಯಲ್ಲಿ 14 ಗುಳಿ. ಗುಳಿಗೆ ಐದರಂತೆ ಹುಣಸೆ ಬೀಜ ಹಾಕಿದರೆ 70. ಯಾವ ಗುಳಿಯಿಂದ ಎತ್ತಿದರೆ ಬೀಜ ಎಲ್ಲಿ ಮುಗಿಯುತ್ತದೆ ಎಂದು ಮಗು ಆಡುವ ಮೊದಲೇ ಮನಸ್ಸಿನಲ್ಲಿ ಎಣಿಸುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆಗೆ ಏಳು ಬೀಳುವುದೇ ಇಲ್ಲ. ಏಳು ಮನೆ ಆಚೆಗಿನ ಕಾಯಿ ಹೊಡೆಯಬೇಕಾದರೆ ಚೌಕ, ಅಂದರೆ ನಾಲ್ಕು ಬಿದ್ದು, ಮತ್ತೆ ಹಾಕಿದಾಗ ಮೂರು ಬೀಳಬೇಕು. ಕೂಡುವ ಲೆಕ್ಕವನ್ನು ಇಷ್ಟು ಆಸೆಯಿಂದ ಮಕ್ಕಳು ಪುಸ್ತಕದಲ್ಲಿ ಮಾಡಿದ್ದನ್ನು ನಾನು ಕಂಡಿಲ್ಲ.

ಈಗ ಖರ್ಚಿನ ವಿಷಯ. ನಾಲ್ಕೈದು ಮಕ್ಕಳ ಎಂಟು ಗುಂಪು ಮಾಡುತ್ತೇವೆ. ಪ್ರತಿ ಗುಂಪಿಗೆ ಒಂದು ಅಳಗುಳಿಮಣೆ, ಬಿಡಿ-ಹತ್ತು-ನೂರರ ಮರದ ತುಂಡುಗಳು, ಭಿನ್ನರಾಶಿ ಪಟ್ಟಿಗಳು, ರಬ್ಬರ್ ಬ್ಯಾಂಡಿನಿಂದ ಆಕೃತಿ ಮಾಡುವ ಮೊಳೆ ಹಲಗೆ. ಗುಂಪಿಗೆ ₹3,000ದಂತೆ ₹24,000. ಮರದ ಕೆಲಸವನ್ನು ನಮ್ಮೂರಿನ ಆಚಾರಿಯವರೇ ಮಾಡಿಕೊಡಲು ಒಪ್ಪಿದ್ದಾರೆ. ತಕ್ಕಡಿ, ತೂಕದ ಬಟ್ಟು, ಲೀಟರ್ ಅಳತೆಗಳು, ಟೇಪುಗಳಿಗೆ ₹9,000. ವೆರಾಂಡಾದ ನೆಲದ ಮೇಲೆ ಸಂಖ್ಯಾರೇಖೆ ಮತ್ತು 25 ಮನೆಯ ಚೌಕಾಬಾರ ಬರೆಸಲು ₹7,000. ಇದನ್ನೆಲ್ಲ ಇಲಿ ಕಡಿಯದಂತೆ ಇಡಲು ಕಬ್ಬಿಣದ ಬೀರು ₹12,000. ಒಟ್ಟು ₹52,000. ಒಬ್ಬರೇ ಒಂದು ಗುಂಪಿನ ₹3,000 ವಹಿಸಿಕೊಳ್ಳಬಹುದು, ಅಥವಾ ಯಥಾಶಕ್ತಿ ಎಷ್ಟಾದರೂ ಕೊಡಬಹುದು. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ.

ಹಣ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕಿಯ ಜಂಟಿ ಖಾತೆಗೇ ಬರಲಿ. ಖಾತೆಯ ವಿವರ ಶಾಲೆಯ ಕಚೇರಿಯಲ್ಲಿ ಸಿಗುತ್ತದೆ. ದಾನಿಗಳ ಹೆಸರು, ಖರ್ಚಿನ ಬಿಲ್ಲು ಎರಡನ್ನೂ ಸೂಚನಾ ಫಲಕದಲ್ಲಿ ಹಾಕುತ್ತೇವೆ.

ಹಣ ಕೊಡಲಾಗದವರು ದಯವಿಟ್ಟು ಸಂಕೋಚ ಪಡಬೇಡಿ. ಎಂಟು ಮಣೆಗೆ 560 ಹುಣಸೆ ಬೀಜ ಬೇಕು. ಗರಿಕಡ್ಡಿ, ಬಾಟಲಿ ಮುಚ್ಚಳ, ಹಳೆಯ ಕವಡೆ ಇದ್ದರೆ ಮಕ್ಕಳ ಕೈಲಿ ಕಳಿಸಿ. ಅಳಗುಳಿ ಆಡಲು ಬರುವ ಅಜ್ಜಿಯರು ಶನಿವಾರ ಬೆಳಿಗ್ಗೆ ಒಂದು ತಾಸು ಬಂದು ಕೂತರೆ ನಮಗೆ ಅದೇ ದೊಡ್ಡ ದೇಣಿಗೆ. ಆಟದ ಎಲ್ಲ ನಿಯಮ ನನಗೂ ಬರುವುದಿಲ್ಲ, ಮಕ್ಕಳ ಜೊತೆ ನಾನೂ ಕಲಿಯುತ್ತೇನೆ.

ದಸರಾ ರಜೆಯಲ್ಲಿ ಬಣ್ಣದ ಕೆಲಸ ಮುಗಿಸಿ, ಶಾಲೆ ತೆರೆಯುವ ದಿನವೇ ಮಕ್ಕಳನ್ನು ಆ ನೆಲದ ಮೇಲೆ ಕೂರಿಸಬೇಕೆಂಬುದು ನಮ್ಮ ಆಸೆ. ಆಚಾರಿಯವರಿಗೆ ಮರದ ಮುಂಗಡ ಕೊಡಬೇಕಾಗಿರುವುದರಿಂದ, ಗಣೇಶ ಚತುರ್ಥಿಯೊಳಗೆ ತಮ್ಮ ನೆರವು ತಲುಪಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಮುಖ್ಯ ಶಿಕ್ಷಕಿ ಹಾಗೂ ಎಸ್‌ಡಿಎಂಸಿ ಸದಸ್ಯರು