ಇನ್ನು ಹಳೆಯ ವೈರ್ ಇಟ್ಟುಕೊಂಡು ಇಂಜಿನ್ ಓಡಿಸಿ ಕೊಡುವುದಿಲ್ಲ

ಪ್ರಿಯ ಗ್ರಾಹಕರೇ,

ನಮಸ್ಕಾರ. ಹಳೆಯ ಆಟಿಕೆ ರೈಲು ಹಿಡಿದುಕೊಂಡು ನಮ್ಮ ಬಸವನಗುಡಿ ಅಂಗಡಿಗೆ ಬರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಸುಮ್ನೆ ಓಡೋ ಹಾಗೆ ಮಾಡಿಕೊಡಿ ಸಾರ್, ಜಾಸ್ತಿ ಬಿಚ್ಚಬೇಡಿ." ಇಷ್ಟು ದಿನ ನಾವೂ ಹಾಗೇ ಮಾಡುತ್ತಿದ್ದೆವು. ಮುಂದಿನ ತಿಂಗಳು 1ನೇ ತಾರೀಖಿನಿಂದ ಮಾಡುವುದಿಲ್ಲ. ಕರೆಂಟಿನಲ್ಲಿ ಓಡುವ ಹಳೆಯ ಇಂಜಿನ್ ಯಾವುದೇ ಬರಲಿ, ಒಳಗಿನ ವೈರ್ ಪೂರ್ತಿ ಬದಲಿಸಿಯೇ ಕೊಡುತ್ತೇವೆ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ದೀಪಾವಳಿಗೆ ಮುಂಚೆ ಜಯನಗರದ ಹಿರಿಯರೊಬ್ಬರು ತಮ್ಮ ಲಯೊನೆಲ್ (ಅಮೆರಿಕದ ಆಟಿಕೆ ರೈಲು ಕಂಪನಿ) ಇಂಜಿನ್ ತಂದಿದ್ದರು. ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿತ್ತು. ಹೊಸದು ಹಾಕಿದೆವು, ಓಡಿತು, ಕೊಟ್ಟೆವು. ಮೂರೇ ದಿನಕ್ಕೆ ಸುಟ್ಟ ವಾಸನೆಯ ಜೊತೆ ವಾಪಸ್ ಬಂತು. ಓಡುತ್ತಿದ್ದಾಗ ಹೊಗೆ ಬಂದದ್ದನ್ನು ನೋಡಿ ಮೊಮ್ಮಗಳು ನಿಜವಾದ ಉಗಿಬಂಡಿ ಎಂದುಕೊಂಡು ಚಪ್ಪಾಳೆ ತಟ್ಟಿದಳಂತೆ!

ಬಿಚ್ಚಿ ನೋಡಿದರೆ ವೈರಿನ ಮೇಲಿನ ರಬ್ಬರ್ ಒಣಗಿ ಹಪ್ಪಳದ ಹಾಗೆ ಆಗಿತ್ತು. ಬ್ರಷ್ ಹಾಕುವಾಗ ಆ ವೈರನ್ನು ನಾವು ಸ್ವಲ್ಪ ಪಕ್ಕಕ್ಕೆ ಬಗ್ಗಿಸಿದ್ದೆವು. ಅಲ್ಲೇ ರಬ್ಬರ್ ಉದುರಿದ್ದು. ಲಯೊನೆಲ್ ಹಳಿಯಲ್ಲಿ ಮೂರು ಕಂಬಿ. ನಡುವಿನ ಕಂಬಿಯಿಂದ ಬಂದ ಕರೆಂಟ್ ಚಕ್ರದ ಮೂಲಕ ಹೊರಗಿನ ಕಂಬಿಗೆ ವಾಪಸ್ ಹೋಗುತ್ತದೆ. ಹಾಗಾಗಿ ಇಂಜಿನ್ನಿನ ಲೋಹದ ಮೈ ಕೂಡ ಆ ದಾರಿಯ ಭಾಗವೇ. ಬರಿ ವೈರ್ ಮೈಗೆ ತಾಗಿದರೆ ಶಾರ್ಟ್. ಹಳಿಯಲ್ಲಿ ಇರುವುದು ಹೆಚ್ಚೆಂದರೆ 18–20 ವೋಲ್ಟ್, ಆದರೆ ಶಾರ್ಟ್ ಆದಾಗ ವೈರ್ ಕಾಯಿಸಿ ಸುಡಲು ಅಷ್ಟೇ ಸಾಕು. ಆ ಇಂಜಿನ್ನನ್ನು ದುಡ್ಡಿಲ್ಲದೆ ಪೂರ್ತಿ ಸರಿಮಾಡಿಕೊಟ್ಟೆವು.

ಈಗ ಎಸ್.ಪಿ. ರಸ್ತೆಯಿಂದ ಬಿಸಿ ತಡೆಯುವ ಸಿಲಿಕೋನ್ ವೈರ್ ತರುತ್ತಿದ್ದೇವೆ. ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಹೊರತೆಗೆದು, ಅದರಲ್ಲಿ ಬ್ರಷ್ ಉಜ್ಜುವ ತಾಮ್ರದ ಕಮ್ಯುಟೇಟರ್ ಸಂದುಗಳಲ್ಲಿ ಕೂತ ಕಾರ್ಬನ್ ಪುಡಿಯನ್ನು ಹಲ್ಲುಕಡ್ಡಿಯಿಂದ ಕೆದಕಿ ತೆಗೆಯುತ್ತೇವೆ. ಹೊತ್ತು ತಿನ್ನುವುದು ಇಂಜಿನ್ ಹಿಂದೆ-ಮುಂದೆ ಹೋಗುವಂತೆ ಮಾಡುವ ಪುಟ್ಟ ಡ್ರಮ್. ಅದರ ತಗಡಿನ ಬೆರಳುಗಳು ಎಷ್ಟು ತೆಳುವೆಂದರೆ, ಬೆಸುಗೆ ಹಾಕುವಾಗ ನಮ್ಮ ಹುಡುಗ ಉಸಿರು ಬಿಗಿಹಿಡಿದು ಕೂರುತ್ತಾನೆ. ಆಗ ಫೋನ್ ಎತ್ತದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ದರ 1,200 ರೂಪಾಯಿಯಿಂದ 2,800 ಆಗುತ್ತದೆ. ನಾಲ್ಕು ದಿನದ ಬದಲು ಮೂರು ವಾರ ಬೇಕು. ಈಗಾಗಲೇ ಇಂಜಿನ್ ಕೊಟ್ಟಿರುವವರಿಗೆ ಹಳೆಯ ದರವೇ.

"ಒರಿಜಿನಲ್ ಹೋಗಿಬಿಡುತ್ತೆ ಅಲ್ವಾ?" ಎಂದು ಕೇಳುವವರಿದ್ದಾರೆ. ಪೇಂಟ್, ಅಕ್ಷರ, ಗೀಚುಗಳನ್ನು ಮುಟ್ಟುವುದಿಲ್ಲ. ತೆಗೆದ ವೈರನ್ನು ಕವರಿಗೆ ಹಾಕಿ ನಿಮಗೇ ಕೊಡುತ್ತೇವೆ. ಇನ್ನೂ ಬೇಡ ಎನ್ನುವವರು ಇಂಜಿನ್ನನ್ನು ಗಾಜಿನ ಬೀರುವಿನಲ್ಲಿ ಇಡಬಹುದು, ಒರೆಸಿ ಕೊಡುತ್ತೇವೆ. ಆದರೆ ಕರೆಂಟ್ ಕೊಡುವುದಿಲ್ಲ.

ಬರುವಾಗ ಟ್ರಾನ್ಸ್‌ಫಾರ್ಮರನ್ನೂ ತನ್ನಿ. ಅಮೆರಿಕದಿಂದ ತಂದದ್ದು 120 ವೋಲ್ಟಿನದು, ನಮ್ಮ ಮನೆಯ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಇನ್ನು ಹಾರ್ನ್‌ಬಿ ಡಬ್ಲೊ ಎಂಬ ಇಂಗ್ಲೆಂಡಿನ ಆಟಿಕೆ ರೈಲಿಗೆ 12 ವೋಲ್ಟ್ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಬೇಕು, ಎ.ಸಿ. ಕೊಡುವ ಲಯೊನೆಲ್ ಟ್ರಾನ್ಸ್‌ಫಾರ್ಮರ್ ಅದಕ್ಕೆ ಆಗುವುದಿಲ್ಲ.

ಕಳೆದ ಒಂದು ವರ್ಷದಲ್ಲಿ ನಮ್ಮಲ್ಲಿ ಬರೀ ಬ್ರಷ್ ಹಾಕಿಸಿಕೊಂಡು ಹೋದವರು ದಯವಿಟ್ಟು ಇಂಜಿನ್ ಮತ್ತೆ ತನ್ನಿ. ಬಿಚ್ಚಿ ನೋಡುವುದಕ್ಕೆ ದುಡ್ಡಿಲ್ಲ. ಅಲ್ಲಿಯವರೆಗೆ ಹಳಿ ಮೇಲೆ ಇಡಬೇಡಿ.

ಇಂತಿ,
ಅಂಗಡಿಯವರು