ಈಲಿಂಗಿನ ಮನೆಯಿಂದ ಹೊರಟ ಪುಸ್ತಕಗಳು

ಪ್ರಿಯ ಶಂಕರ,

ವಾಲ್ಟರ್ ರಾಡ್ನಿಯವರ ‘ಹೌ ಯುರೋಪ್ ಅಂಡರ್‌ಡೆವಲಪ್ಡ್ ಆಫ್ರಿಕಾ’ (ಯುರೋಪು ಆಫ್ರಿಕಾವನ್ನು ಹಿಂದುಳಿಯುವಂತೆ ಮಾಡಿದ್ದು ಹೇಗೆ) ಓದಿ ಮುಗಿಸಿದ ನೀನು, ಇಂತಹ ಪುಸ್ತಕವನ್ನು ಅಚ್ಚು ಹಾಕುವ ಧೈರ್ಯ ಆ ಕಾಲದಲ್ಲಿ ಯಾರಿಗಿತ್ತು ಎಂದು ಕೇಳಿದ್ದೆ. ನನ್ನನ್ನು ಬಹಳ ದಿನಗಳಿಂದ ಹಿಡಿದಿಟ್ಟಿರುವ ಸಂಗತಿಯಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಗಯಾನದಲ್ಲಿ ಹುಟ್ಟಿದ ರಾಡ್ನಿ ಜಮೈಕಾದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದರು. ತರಗತಿಯ ಆಚೆಗೆ ಬಡವರ ಕೇರಿಗಳಿಗೆ ಹೋಗಿ, ಆಫ್ರಿಕಾವನ್ನು ತಾಯ್ನಾಡೆಂದು ಕಾಣುವ ಜಮೈಕಾದ ಧಾರ್ಮಿಕ ಪಂಥದವರಾದ ರಸ್ತಫಾರಿಗಳ ಜೊತೆ ಕುಳಿತು ಅವರು ಆಫ್ರಿಕಾದ ಚರಿತ್ರೆಯನ್ನು ಮಾತನಾಡುತ್ತಿದ್ದುದನ್ನು ಅಲ್ಲಿನ ಸರ್ಕಾರ ಸಹಿಸಲಿಲ್ಲ. 1968ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನ ಸಮ್ಮೇಳನವೊಂದರಿಂದ ಹಿಂದಿರುಗಿದಾಗ ಅವರನ್ನು ದೇಶದೊಳಕ್ಕೇ ಬಿಟ್ಟುಕೊಳ್ಳಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ಗಯಾನದವರೇ ಆದ ಜೆಸಿಕಾ ಮತ್ತು ಎರಿಕ್ ಹಂಟ್ಲಿ ದಂಪತಿ ಪ್ರತಿಭಟನೆಯಷ್ಟಕ್ಕೆ ನಿಲ್ಲದೆ, ರಾಡ್ನಿಯವರ ಆ ಮಾತುಗಳನ್ನೇ ಪುಸ್ತಕವಾಗಿಸಲು ಹೊರಟರು. ಬಂಡವಾಳವಿರಲಿಲ್ಲ, ಗೆಳೆಯರು ಕೈಯಿಂದ ಹಾಕಿದ ಹಣವನ್ನು ಕೂಡಿಸಿ 1969ರಲ್ಲಿ ಮೊದಲ ಪುಸ್ತಕ ತಂದರು. ಬ್ರಿಟಿಷರು 1865ರಲ್ಲಿ ಜಮೈಕಾದಲ್ಲಿ ಗಲ್ಲಿಗೇರಿಸಿದ ಪಾಲ್ ಬೋಗಲ್ ಮತ್ತು ಹೈಟಿಯ ಕ್ರಾಂತಿಯ ನಾಯಕ ಟೂಸಾಂ ಲೂವರ್ತೂರ್ ಇವರಿಬ್ಬರ ಹೆಸರುಗಳನ್ನು ಜೋಡಿಸಿ ಪ್ರಕಾಶನಕ್ಕೆ ‘ಬೋಗಲ್-ಲೂವರ್ತೂರ್’ ಎಂದು ಹೆಸರಿಟ್ಟರು.

ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿದ್ದ ಅವರ ವಾಸದ ಮನೆಯೇ ಪ್ರಕಾಶನದ ಕಚೇರಿ, ಅದೇ ಪುಸ್ತಕದಂಗಡಿ. ಮಕ್ಕಳು ಬೆಳೆಯುತ್ತಿದ್ದ ಆ ಮನೆಯಿಂದಲೇ ಪೋಸ್ಟರುಗಳನ್ನೂ ಶುಭಾಶಯ ಪತ್ರಗಳನ್ನೂ ಹೊರತಂದು ಮಾರಿದರು. 1970ರ ದಶಕದ ನಡುವಿನಲ್ಲಿ ಬೇರೆ ಅಂಗಡಿ ತೆರೆದ ಮೇಲೆ ಜನಾಂಗದ್ವೇಷಿಗಳು ಅದರ ಮೇಲೆ ಮತ್ತೆ ಮತ್ತೆ ದಾಳಿ ನಡೆಸಿದರು. ಆದರೂ ಹಂಟ್ಲಿ ದಂಪತಿ ಅಂಗಡಿ ಮುಚ್ಚಲಿಲ್ಲ.

ನೀನು ಓದಿದ ಪುಸ್ತಕವನ್ನು ರಾಡ್ನಿ ಬರೆದದ್ದು ಟಾಂಜಾನಿಯದ ದಾರ್ ಎಸ್ ಸಲಾಮ್‌ನಲ್ಲಿ ಪಾಠ ಹೇಳುತ್ತಿದ್ದಾಗ. 1972ರಲ್ಲಿ ಹಂಟ್ಲಿ ದಂಪತಿಯ ಪ್ರಕಾಶನವೂ ಟಾಂಜಾನಿಯ ಪಬ್ಲಿಷಿಂಗ್ ಹೌಸೂ ಸೇರಿ ಅದನ್ನು ಹೊರತಂದವು. ತಮ್ಮ ಶೋಷಣೆಯ ಸ್ವರೂಪವನ್ನು ಅರಿಯಬಯಸುವ ಆಫ್ರಿಕನ್ನರನ್ನು ತಲುಪುವುದೇ ಉದ್ದೇಶವೆಂದು ರಾಡ್ನಿ ಮುನ್ನುಡಿಯಲ್ಲಿ ಹೇಳಿದ್ದಾರೆ. ಯಾರನ್ನು ಟೀಕಿಸುತ್ತಿದ್ದೇವೆಯೋ ಅವರ ಒಪ್ಪಿಗೆಗಾಗಿ ಕಾಯದೆ ಅಂತಹ ಪುಸ್ತಕ ಹೊರಬರಬೇಕಾದರೆ ಇಂತಹ ಪ್ರಕಾಶಕರೇ ಬೇಕಿತ್ತೆಂದು ನಾನು ದೃಢವಾಗಿ ನಂಬಿದ್ದೇನೆ.

ಆದರೆ ಅಚ್ಚು ಹಾಕುವುದು ಅರ್ಧ ಕೆಲಸ. ಮಾರಾಟದ ದಾರಿಯೂ ಪ್ರಕಾಶಕರ ಕೈಯಲ್ಲಿರಬೇಕು. ಆಫ್ರಿಕಾದ ಪ್ರಕಾಶಕರೇ ಒಡೆಯರಾಗಿ ಕಟ್ಟಿಕೊಂಡ ‘ಆಫ್ರಿಕನ್ ಬುಕ್ಸ್ ಕಲೆಕ್ಟಿವ್’ 1990ರಲ್ಲಿ ಆಕ್ಸ್‌ಫರ್ಡ್‌ನಿಂದ ವ್ಯವಹಾರ ಆರಂಭಿಸಿ, ಅವರ ಪುಸ್ತಕಗಳನ್ನು ಹೊರದೇಶದ ಗ್ರಂಥಾಲಯಗಳಿಗೆ ತಲುಪಿಸತೊಡಗಿತು. ಟಾಂಜಾನಿಯ ಪಬ್ಲಿಷಿಂಗ್ ಹೌಸನ್ನು ವರ್ಷಗಟ್ಟಲೆ ನಡೆಸಿದ ವಾಲ್ಟರ್ ಬ್ಗೋಯ 1991ರಲ್ಲಿ ದಾರ್ ಎಸ್ ಸಲಾಮ್‌ನಲ್ಲಿ ತಮ್ಮದೇ ‘ಮ್ಕುಕಿ ನಾ ನ್ಯೋತ’ ಪ್ರಕಾಶನವನ್ನು ತೆರೆದರು. ಸ್ವಾಹಿಲಿಯಲ್ಲಿ ಅದಕ್ಕೆ ಈಟಿ ಮತ್ತು ನಕ್ಷತ್ರ ಎಂದರ್ಥ. ಪ್ರಕಾಶನವೊಂದಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ.

1980ರ ಜೂನ್ 13ರಂದು ಗಯಾನದ ಜಾರ್ಜ್‌ಟೌನ್‌ನಲ್ಲಿ ಬಾಂಬಿಗೆ ಸಿಕ್ಕಿ ರಾಡ್ನಿ ತೀರಿಕೊಂಡಾಗ ಅವರಿಗೆ 38 ವರ್ಷ. ಹಂಟ್ಲಿ ದಂಪತಿ ತಮ್ಮ ಅಂಗಡಿಗೆ ‘ವಾಲ್ಟರ್ ರಾಡ್ನಿ ಬುಕ್‌ಶಾಪ್’ ಎಂದು ಹೊಸ ಹೆಸರಿಟ್ಟರು.

ನಿನ್ನ ಬಳಿ ಇರುವುದು ಈಚಿನ ಮರುಮುದ್ರಣವಿರಬೇಕು. ಎಲ್ಲಾದರೂ ಹಳೆಯ ಪ್ರತಿ ಸಿಕ್ಕರೆ, ಓದುವ ಮೊದಲು ಪ್ರಕಾಶಕರ ಹೆಸರಿರುವ ಪುಟವನ್ನು ತೆರೆದು ನೋಡು: ಲಂಡನ್ ಮತ್ತು ದಾರ್ ಎಸ್ ಸಲಾಮ್ ಒಂದೇ ಪುಟದಲ್ಲಿ ಜೊತೆಯಾಗಿವೆ.

ಇಂತಿ ನಿನ್ನ ಗೆಳೆಯ