ದೊಡ್ಡಮ್ಮನವರ ನೆನಪಿನಲ್ಲಿ, ಜೊತೆಗೆ ನಿಂತವರಿಗೆ ವಂದನೆ

ನಮ್ಮ ದೊಡ್ಡಮ್ಮನವರು ತೀರಿಕೊಂಡು ಇಂದಿಗೆ ಹದಿನೈದು ದಿನಗಳಾದವು. ಮೊನ್ನೆ ನಡೆದ ವೈಕುಂಠ ಸಮಾರಾಧನೆಗೆ ಬಂದು ನಮ್ಮ ದುಃಖದಲ್ಲಿ ಭಾಗಿಗಳಾದ ಬಂಧುಗಳಿಗೆ, ನೆರೆಹೊರೆಯವರಿಗೆ, ಹಾಗೂ ನಾವು ಅದುವರೆಗೆ ಮುಖವನ್ನೇ ಕಂಡಿರದ ಅವರ ಹಳೆಯ ಸಹೋದ್ಯೋಗಿಗಳಿಗೆ ಮನೆಯವರೆಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸಲು ಈ ಬರಹ. ಕಡೆಯ ನಾಲ್ಕು ತಿಂಗಳು ನಸುಕಿನಲ್ಲೇ ಬಂದು ಅವರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಹೂ ಮುಡಿಸಿ ಹೋಗುತ್ತಿದ್ದ ನರ್ಸಮ್ಮನವರ ಋಣವನ್ನು ನಾವು ತೀರಿಸಲಾರೆವು.

ಸಹೋದ್ಯೋಗಿಗಳಿಗೆ ವಿಶೇಷವಾಗಿ ವಂದಿಸಬೇಕು. ನಮಗೆ ಗೊತ್ತಿರದಿದ್ದ ದೊಡ್ಡಮ್ಮನನ್ನು ಅವರು ಅಂದು ನಮ್ಮ ಕೈಗಿಟ್ಟು ಹೋದರು. ಬೆಂಗಳೂರಿನ ಕುಡಿಯುವ ನೀರಿನ ಕೆಲಸದಲ್ಲಿ ಅವರು ಇಂಜಿನಿಯರ್ ಆಗಿದ್ದರೆಂಬುದು ನಮಗೆಲ್ಲ ತಿಳಿದಿತ್ತು. ಆದರೆ ಆ ಕೆಲಸವೆಂದರೆ ಏನೆಂದು ನಾವು ಕೇಳಿರಲಿಲ್ಲ, ಅವರಾಗಿ ಹೇಳಿಕೊಳ್ಳುವವರೂ ಅಲ್ಲ.

ಕಾವೇರಿ ತಗ್ಗಿನಲ್ಲಿದ್ದಾಳೆ, ಊರು ಎತ್ತರದಲ್ಲಿದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಅಲ್ಲಿಂದಲೂ ಹಾರೋಹಳ್ಳಿ, ತಾತಗುಣಿಗಳಿಂದಲೂ ಪಂಪ್ ಮಾಡುತ್ತ, ಸುಮಾರು 100 ಕಿಲೋಮೀಟರ್ ದೂರಕ್ಕೆ, 500 ಮೀಟರಿನಷ್ಟು ಮೇಲಕ್ಕೆ ಏರಿಸಿ ತರಬೇಕು. 1974ರಲ್ಲಿ ಯೋಜನೆಯ ಮೊದಲ ಹಂತದ ನೀರು ಬಂದಾಗ ಅವರು ಕೆ.ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದರು. 1982ರ ಎರಡನೆಯ ಹಂತ, 1993ರ ಮೂರನೆಯ ಹಂತದ ಹೊತ್ತಿಗೆ ಅವರ ಹಗಲುರಾತ್ರಿಗಳೆಲ್ಲ ಆ ಕೊಳವೆಗಳದ್ದೇ ಆಗಿದ್ದವು.

ಹಾರೋಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದ ನಿವೃತ್ತ ಪಂಪ್ ಆಪರೇಟರ್ ಒಬ್ಬರು, ಕರೆಂಟು ಹೋಗಿ ಪಂಪುಗಳು ತಟ್ಟನೆ ನಿಂತರೆ ಮೇಲಕ್ಕೇರುತ್ತಿದ್ದ ನೀರು ಹಿಂದಕ್ಕೆ ನುಗ್ಗಿ ದಪ್ಪ ಉಕ್ಕಿನ ಕೊಳವೆಯನ್ನೂ ಸೀಳಬಲ್ಲದೆಂದು ವಿವರಿಸಿದರು. ವಾಲ್ವ್ ತಿರುಗಿಸುವಾಗ ಯಾರಾದರೂ ಅವಸರಪಟ್ಟರೆ ಮೇಡಂ ಪಕ್ಕದಲ್ಲೇ ನಿಂತು, ‘ನಿಧಾನ ಅಣ್ಣಾ, ನೀರು ನಿಲ್ಲೋದಕ್ಕೂ ಹೊತ್ತು ಬೇಕು’ ಎನ್ನುತ್ತಿದ್ದರಂತೆ. ಬಚ್ಚಲಿನ ನಲ್ಲಿಯನ್ನು ರಪ್ಪನೆ ನಿಲ್ಲಿಸಿದರೆ ಮಕ್ಕಳಾದ ನಮಗೆ ಯಾಕೆ ಬೈಗುಳ ಬೀಳುತ್ತಿತ್ತೆಂದು ನನಗೆ ಅಂದು ಅರ್ಥವಾಯಿತು.

ನನಗೆ ಹತ್ತು ವರ್ಷವಿದ್ದಾಗ ಒಂದು ರಾತ್ರಿ, ಊರೆಲ್ಲ ಮಲಗಿದ ಮೇಲೆ, ಅವರು ನನ್ನನ್ನು ಬೀದಿಗೆ ಕರೆದೊಯ್ದು ಉದ್ದನೆಯ ಕಬ್ಬಿಣದ ಸರಳೊಂದನ್ನು ನೆಲದಡಿಯ ಕೊಳವೆಯ ಮೇಲೆ ಊರಿ, ಅದರ ಇನ್ನೊಂದು ತುದಿಗೆ ನನ್ನ ಕಿವಿಯನ್ನು ಒತ್ತಿ ಹಿಡಿದಿದ್ದರು. ತಣ್ಣಗಿನ ಕಬ್ಬಿಣದೊಳಗಿಂದ ಸಣ್ಣಗೆ ಸುಯ್ಯೆನ್ನುವ ಸದ್ದು ಬಂತು. ‘ಕೇಳಿಸ್ತಾ ಪುಟ್ಟಾ? ಎಲ್ಲೋ ಸೋರ್ತಿದೆ’ ಎಂದು ಅವರು ಪಿಸುಗುಟ್ಟಿದ್ದು, ಆ ಅಂಗೈಯ ಬಿಸುಪು ನನ್ನ ಕೆನ್ನೆಯ ಮೇಲಿದ್ದದ್ದು ಇಂದಿಗೂ ಹಾಗೇ ಇದೆ. ಮರುದಿನ ಅಲ್ಲೇ ಅಗೆದರು, ಸೋರಿಕೆ ಸಿಕ್ಕಿತು.

ಸಮಾರಾಧನೆಯ ಊಟವಾದ ಮೇಲೆ ಹಿತ್ತಲಿನಲ್ಲಿ ಕೈ ತೊಳೆಯಲು ಹೋದ ಅದೇ ಆಪರೇಟರ್, ಅಲ್ಲಿನ ನಲ್ಲಿ ತೊಟ್ಟಿಕ್ಕುತ್ತಿರುವುದನ್ನು ಕಂಡರು. ದೊಡ್ಡಮ್ಮ ಹಾಸಿಗೆ ಹಿಡಿದಾಗಿನಿಂದ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಯಾರಿಗೂ ಹೇಳದೆ ಹೋಗಿ, ಬೀದಿ ಕೊನೆಯ ಅಂಗಡಿಯಿಂದ ಒಂದು ವಾಷರ್ ತಂದು, ಬಿಳಿ ಪಂಚೆಯನ್ನು ಮೇಲೆತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ಹಾಕಿಕೊಟ್ಟು ಹೊರಟುಹೋದರು. ಬಸ್ಸಿಗೆ ಹೊತ್ತಾಯಿತೆಂದು ಅವರು ನಿಲ್ಲಲಿಲ್ಲ. ಅಂದು ಹೇಳಲಾಗದ ವಂದನೆಯನ್ನು ಅವರಿಗೆ ಇಲ್ಲಿ ಹೇಳುತ್ತಿದ್ದೇನೆ.